ಹೊಳೆಯುವ ಕಡೆಗೆ ಇಟ್ಟ ಕುಂಕುಮ

ಮೇಡಂ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದ ಕೈ ಗೊಂಚಲು ಅವರು ಹೆಜ್ಜೆ ಹಾಕಿದಂತೆಲ್ಲ ಝಣ್ ಝಣ್ ಅನ್ನುತ್ತಿತ್ತು. ಲ್ಯಾಬಿನ ಬಾಗಿಲ ಕೈ, ಬೀರುವಿನ ಕೈ, ಪ್ರಿಂಟರಿಗೆ ಮುಚ್ಚುವ ಮರದ ಪೆಟ್ಟಿಗೆಯ ಕೈ, ಇನ್ನೂ ಯಾವ್ಯಾವುದರದೋ. ಆ ಗೊಂಚಲು ದಿನವೂ ಉಜ್ಜಿ ಉಜ್ಜಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಅವರ ಸೀರೆಗಳಿಗೆಲ್ಲ ಎಡಸೊಂಟದ ಹತ್ತಿರ ತುಕ್ಕಿನ ಕಲೆ ಹತ್ತಿತ್ತು. ಸೀರೆ ಬದಲಾದರೂ ಕಲೆ ಬದಲಾಗುತ್ತಿರಲಿಲ್ಲ. ಝಣ್ ಅಂದ ಕೂಡಲೇ ನಾವು ಮಾತು ನಿಲ್ಲಿಸಿ, ಕೀಬೋರ್ಡಿನ ಮೇಲೆ ಕೈಯಿಟ್ಟು, ಏನೋ ಘನಂದಾರಿ ಕೆಲಸ ಮಾಡುವವರ ಹಾಗೆ ಕೂತುಬಿಡುತ್ತಿದ್ದೆವು.

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವವರು ಈ ಬರಹವನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಕಳಲೆಯವಳು. ಬಿ.ಎಸ್ಸಿ. ಮುಗಿಸಿ, ತಿ. ನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದ್ದೆ. ಬೆಳಿಗ್ಗೆ ಎಮ್ಮೆ ಹಾಲು ಡೈರಿಗೆ ಹಾಕಿ, ನಂಜನಗೂಡಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ನಿಂತುಕೊಂಡೇ ಹೋಗಬೇಕು. ಅಷ್ಟೆಲ್ಲ ಒದ್ದಾಡಿದ್ದಕ್ಕೆ ಕಾರಣವಿತ್ತು. ನಂಜನಗೂಡಿನ ಒಂದು ಶಾಲೆಯವರು ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಮಾತು ಕೊಟ್ಟಿದ್ದರು. ದೀಪಾವಳಿಯ ಹೊತ್ತಿಗೆ ಡಿಪ್ಲೊಮಾ ಪಾಸಾಗಿದ್ದರೆ ಕೆಲಸ ನನ್ನದು. ಇಲ್ಲದಿದ್ದರೆ ಅದೇ ಕುರ್ಚಿಗೆ ಕಣ್ಣು ಹಾಕಿಕೊಂಡು ಮೈಸೂರಿನ ಇನ್ನೊಬ್ಬಳು ಕಾದು ಕೂತಿದ್ದಳು.

ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ಅಸಲಿಗೆ ಅವರು ಗಣಿತದವರು. ಕಾಲೇಜಿಗೆ ಕಂಪ್ಯೂಟರ್ ಬಂದಾಗ ಅದನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಇವರನ್ನು ಬೇಸಿಗೆ ರಜೆಯಲ್ಲಿ ಯಾವುದೋ ತರಬೇತಿಗೆ ಕಳಿಸಿ, ಬಂದ ಮೇಲೆ ಬೀಗದ ಕೈ ಕೊಟ್ಟರು. ಅಷ್ಟೇ, ಲ್ಯಾಬು ಅವರ ಅಡಿಗೆಮನೆಯಾಯಿತು. ಚಪ್ಪಲಿ ಹೊರಗೆ. ತಿಂಡಿ ಡಬ್ಬಿ ಹೊರಗೆ. ಕಾಲು ತೊಳೆದೇ ಒಳಗೆ ಬರಬೇಕು, ಆದರೆ ಒದ್ದೆ ಕಾಲಲ್ಲಿ ಬರಬಾರದು! ಕೀಬೋರ್ಡಿಗೆ ಅವರು ಒಂದೇ ಬೆರಳು ಬಳಸುತ್ತಿದ್ದರು, ಬಾಗಿಲು ಬಡಿದ ಹಾಗೆ. ಬೇರೆ ಯಾರಾದರೂ ಹತ್ತು ಬೆರಳಲ್ಲಿ ಟೈಪ್ ಮಾಡಿದರೆ, "ಏನೇ ಅದು, ಹಾರ್ಮೋನಿಯಂ ನುಡಿಸ್ತಾ ಇದ್ದೀಯಾ?" ಅನ್ನುತ್ತಿದ್ದರು.

ನಾವು ಸೇರುವ ಮುಂಚೆ ಯಾರೋ ಹುಡುಗ ಫ್ಲಾಪಿಯಲ್ಲಿ ಆಟ ತಂದು ಹಾಕಿ, ಅದರೊಳಗಿನ ವೈರಸ್ಸು ಲ್ಯಾಬನ್ನೆಲ್ಲ ನುಂಗಿಹಾಕಿತ್ತಂತೆ. ಪ್ರಿನ್ಸಿಪಾಲರು ಎಲ್ಲರೆದುರು ಮೇಡಂಗೆ ಬೈದರಂತೆ. ಅಂದಿನಿಂದ ಅವರದು ಒಂದೇ ಕಾನೂನು. ಹೊರಗೆ ಯಾರೋ ಸಿದ್ಧಮಾಡಿದ ಪ್ರೋಗ್ರಾಂ ಈ ಲ್ಯಾಬಿಗೆ ಬರಕೂಡದು. ಬೇಕಿದ್ದರೆ ಅದರ ಸೋರ್ಸು, ಅಂದರೆ ಮನುಷ್ಯರು ಬರೆದ ಮೂಲ ಸಾಲುಗಳನ್ನು ತಂದು, ಇಲ್ಲೇ, ಅವರ ಕಣ್ಣೆದುರಿಗೇ ಕಟ್ಟಿಕೊಳ್ಳಬೇಕು. ಹೋಟೆಲಿನ ತಿಂಡಿ ಮುಟ್ಟದೆ, ಕಾಳು ತಂದು ತಾವೇ ಬೇಯಿಸಿಕೊಂಡು ತಿನ್ನುವವರಿರುತ್ತಾರಲ್ಲ, ಹಾಗೆ. ಕಂಪ್ಯೂಟರಿಗೂ ಮಡಿ!

ನನ್ನ ಪ್ರಾಜೆಕ್ಟಿಗೆ ಒಂದು ಕಂಪೈಲರ್ ಟೂಲ್ ಬೇಕಿತ್ತು. ಒಂದು ಭಾಷೆಯ ನಿಯಮಗಳನ್ನು ಬರೆದುಕೊಟ್ಟರೆ, ಆ ಭಾಷೆಯಲ್ಲಿ ಬರೆದದ್ದನ್ನು ಓದಿ ಅರ್ಥಮಾಡಿಕೊಳ್ಳುವ ಪ್ರೋಗ್ರಾಮನ್ನು ಅದು ತಾನೇ ಹೊಸೆದುಕೊಡುತ್ತದೆ. ನಾನು ಲೆಕ್ಕ ಮಾಡುವ ಒಂದು ಪುಟ್ಟ ಭಾಷೆಯನ್ನು ಮಾಡಲು ಹೊರಟಿದ್ದೆ. ನಮ್ಮ ಲ್ಯಾಬಿನ ಮಿಷನ್ನುಗಳನ್ನು ನಡೆಸುತ್ತಿದ್ದದ್ದು ವಿಂಡೋಸ್, ಮೂಲೆಯ ಒಂದನ್ನು ಮಾತ್ರ ಲಿನಕ್ಸ್. ವಿಂಡೋಸಿಗೆ ಆ ಟೂಲು ಸಿದ್ಧವಾಗಿಯೇ ಸಿಗುತ್ತಿತ್ತು. ಕೇಳಲು ಹೋದೆ.

"ಸಿದ್ಧವಾಗಿರೋದು ಬೇಡ. ಯಾರು ಯಾವ ಕೈಲಿ ಮಾಡಿದ್ದೋ ಏನೋ. ಸೋರ್ಸ್ ತಂದು ನನ್ನ ಮುಂದೆ ಕಟ್ಟು. ಬರೀ ವಿಂಡೋಸಲ್ಲಿ ಅಲ್ಲ, ಲಿನಕ್ಸಲ್ಲೂ. ಎರಡರಲ್ಲೂ ಓಡಿದ್ರೇನೇ ನಾನು ಪ್ರಾಜೆಕ್ಟಿಗೆ ಸೈನ್ ಹಾಕೋದು."

"ಸೋರ್ಸನ್ನ ಪ್ರೋಗ್ರಾಂ ಮಾಡಿ ಕಟ್ಟೋದಕ್ಕೇ ಒಂದು ಕಂಪೈಲರ್ ಬೇಕಲ್ಲ ಮೇಡಂ, ಅದು ಮಿಷನ್ ಜೊತೆಗೆ ಸಿದ್ಧವಾಗೇ ಬಂದಿದ್ದಲ್ವಾ? ಅದನ್ನ ಯಾರು ಕಟ್ಟಿದ್ರು?" ಅಂದೆ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದಲ್ಲ, ಕೆಣಕಲೆಂದೇ ಕೇಳಿದ್ದು.

"ಬಾಯಿ ಜಾಸ್ತಿ ಆಯ್ತು ನಿಂದು," ಅಂದರು. ಅಲ್ಲಿಂದಾಚೆಗೆ ನನ್ನ ಹೆಸರು 'ಬಾಯಿ' ಅಂತಲೇ ಆಯಿತು. ಹಾಜರಿ ಕರೆಯುವಾಗಲೂ, "ಬಂದಿದೆಯೇನೇ ಬಾಯಿ?"

ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಆಗ ಒಂದು ಸೈಬರ್ ಸೆಂಟರ್ ಇತ್ತು. ಇದ್ದ ಒಂದು ಫೋನ್ ಲೈನಿನಲ್ಲೇ ಎಲ್ಲ ಕಂಪ್ಯೂಟರುಗಳೂ ನೆಟ್ಟಿಗೆ ಹೋಗಬೇಕು. ನಾನು ಡೌನ್‌ಲೋಡಿಗೆ ಹಾಕಿದರೆ ಪಕ್ಕದಲ್ಲಿ ರಿಸಲ್ಟ್ ನೋಡುವವರು ಗೊಣಗುತ್ತಿದ್ದರು. ಮುಕ್ಕಾಲು ಪಾಲು ಬಂದಿರುತ್ತಿತ್ತು, ಲೈನು ಕಟ್. ಮತ್ತೆ ಮೊದಲಿಂದ. ಇನ್ನೇನು ಮುಗಿಯಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿಂದ. ಮಾಲೀಕ ಒಳ್ಳೆಯವನು, ಆದರೆ ಅವನಿಗೂ ಸಾಕಾಯಿತು. "ಅಲ್ಲ ಕಣಕ್ಕ, ಅದೇನ್ ಅಂತಾದು? ಪಿಚ್ಚರ್‍ರೂ ಅಲ್ಲ, ಆಡೂ ಅಲ್ಲ. ನನ್ ಲೈನ್ನೇ ಇಡ್ಕೊಂಡ್ ಕುಂತದಲ್ಲಾ," ಅಂದ. ಹೀಗೆ ವಾರಗಟ್ಟಲೆ ಹೋಗಿ ಬಂದು ವಿಂಡೋಸಿಗೆ ಬೇಕಾದ ಸೋರ್ಸಿನ ಕಟ್ಟು, ಲಿನಕ್ಸಿಗೆ ಬೇಕಾದ ಕಟ್ಟು, ಎರಡನ್ನೂ ಇಳಿಸಿಕೊಂಡೆ. ಅವನೇ ಅವನ್ನು ಒಂದು ಸಿ.ಡಿ.ಗೆ ಹಾಕಿಕೊಟ್ಟ. ಅದನ್ನು ಲಂಗದ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಊರಿಗೆ ತಂದೆ. ಅವ್ವ ಕೇಳಿದಳು, "ಇದ್ರಲ್ಲಿ ಏನವ್ವಾ ಕಟ್ಟೀಯೆ?" "ಕಂಪೈಲರ್ ಕಟ್ಟಕ್ಕೆ ಕಣವ್ವ." "ಕಟ್ಟು, ಕಟ್ಟು. ಕೊಟ್ಗೆ ಗೋಡೆನೂ ಬಿದ್ದೋಗದೆ."

ವಿಂಡೋಸಿನಲ್ಲಿ ಕಟ್ಟುವುದೇ ಒಂದು ಯುದ್ಧ. ಇದು ಬೇಕು ಅಂದರೆ ಅದಿಲ್ಲ, ಅದನ್ನು ಹಾಕಿದರೆ ಇನ್ನೊಂದಿಲ್ಲ ಅನ್ನುತ್ತಿತ್ತು. ಅದನ್ನು ಮುಗಿಸಿ ಲಿನಕ್ಸಿನ ಮಿಷನ್ನಿಗೆ ಹೋದರೆ ಅಲ್ಲಿ ಬೇರೆಯೇ ರಗಳೆ. ಮೂಲೆಯಲ್ಲಿದ್ದ ಆ ಮಿಷನ್ನಿನ ಒಳಗಿನ ಬ್ಯಾಟರಿ ಸತ್ತುಹೋಗಿತ್ತು. ದಿನಾ ಬೆಳಿಗ್ಗೆ ಆನ್ ಮಾಡಿದರೆ ಅದಕ್ಕೆ ನಾನು ಹುಟ್ಟಿದ ಕಾಲದ ತಾರೀಕು. ಯಾವ ಫೈಲು ಹಳೆಯದು, ಯಾವುದು ಹೊಸದು ಎಂದು ತಾರೀಕು ನೋಡಿಯೇ ಕಟ್ಟುವ ಕೆಲಸ ಮುಂದಕ್ಕೆ ಹೋಗುವುದು. ಅದಕ್ಕೋ, ನನ್ನ ಫೈಲುಗಳೆಲ್ಲ ಮುಂದೆಂದೋ ಬರುವ ಕಾಲದವು! ಕಟ್ಟಿದ್ದನ್ನೇ ಕಟ್ಟುತ್ತಾ ಕೂತುಬಿಡುತ್ತಿತ್ತು. ನನಗೆ ಇದು ಹೊಳೆದು, ದಿನಾ ಮೊದಲು ತಾರೀಕು ತಿದ್ದಿಕೊಂಡು ಕೂರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

ಈ ಅಷ್ಟೂ ದಿನ ಮೇಡಂ ನನ್ನ ಬೆನ್ನ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಸಹಾಯಕ್ಕಲ್ಲ, ಕಾವಲಿಗೆ. ಪರದೆಯ ಮೇಲೆ ಸಾಲುಗಳು ಓಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎರರ್ ಬಂದರೆ, "ನೋಡು, ತಪ್ಪು ಮಾಡ್ದೆ," ಅಂತ ಖುಷಿಯಿಂದ ಹೇಳುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಎರಡೂ ಕಡೆ ಕಟ್ಟಿ ಮುಗಿಯಿತು. ನನ್ನ ಪುಟ್ಟ ಭಾಷೆ ಎರಡರಲ್ಲೂ ಲೆಕ್ಕ ಮಾಡಿ ಒಂದೇ ಉತ್ತರ ಕೊಟ್ಟಿತು. ನಾನು ತಿರುಗಿ ನೋಡಿದೆ. ಶಭಾಷ್ ಅನ್ನಬಹುದಿತ್ತು. "ಮಿಷನ್ ಆಫ್ ಮಾಡಿ ಕವರ್ ಹಾಕು," ಅಂದು ಎದ್ದು ಹೋದರು. ಆವತ್ತು ಬಸ್ಸಿನಲ್ಲಿ ಅವರನ್ನು ಬೈದುಕೊಂಡ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ದಸರಾ ಬಂತು. ರಜೆ ಕಳೆದು ಕಾಲೇಜು ತೆರೆದ ಮೂರನೆಯ ದಿನಕ್ಕೇ ಪ್ರಾಜೆಕ್ಟ್ ಪರೀಕ್ಷೆ, ಮೈಸೂರಿನಿಂದ ಹೊರಗಿನ ಪರೀಕ್ಷಕರು ಬರುತ್ತಾರೆ. ರಜೆ ಶುರುವಾಗುವ ಮುನ್ನ ಲ್ಯಾಬಿನಲ್ಲಿ ಆಯುಧಪೂಜೆ. ಮೇಡಂ ಹಬ್ಬಕ್ಕೆ ಲ್ಯಾಬನ್ನು ತೊಳೆದು ಬಳಿದು ಮಾಡಿಸಿದರು. ಬರೀ ಹೊರಗಲ್ಲ. ಹುಡುಗರ ಫೈಲುಗಳನ್ನೆಲ್ಲ ಅಳಿಸಿ, ಮಿಷನ್ನುಗಳ ಒಳಗನ್ನೂ ಗುಡಿಸಿಹಾಕಿದರು. ನಾನು ಕಟ್ಟಿದ್ದೂ ಹೋಯಿತು, ನನ್ನ ಭಾಷೆಯ ನಿಯಮಗಳು ರಿಪೋರ್ಟಿನ ಹಾಳೆಗಳಲ್ಲಿ ಉಳಿದದ್ದೇ ಪುಣ್ಯ! ಅಳುತ್ತಾ ಹೋದರೆ, "ಸಿ.ಡಿ. ಇದೆಯಲ್ಲ, ಹಬ್ಬ ಆದ್ಮೇಲೆ ಮತ್ತೆ ಕಟ್ಕೋ. ಒಂದ್ಸಲ ಕಟ್ಟಿದೋಳಿಗೆ ಇನ್ನೊಂದ್ಸಲ ಕಷ್ಟನಾ?" ಅಂದರು. ಮಾತಿಗೆ ಸರಿಯೇ. ಆದರೆ ಲ್ಯಾಬಿನೊಳಗೆ ಬಂದ ಸಿ.ಡಿ., ಫ್ಲಾಪಿ ಯಾವುದೂ ಹೊರಗೆ ಹೋಗಬಾರದು ಎನ್ನುವುದು ಅವರದೇ ಇನ್ನೊಂದು ಕಾನೂನು. ನನ್ನ ಸಿ.ಡಿ. ಅವರ ಬೀರುವಿನಲ್ಲೇ ಇತ್ತು.

ರಜೆ ಮುಗಿಸಿ ಓಡಿಬಂದು ಸಿ.ಡಿ. ಕೇಳಿದೆ. ಬೀರು ತೆಗೆದು ಕೊಟ್ಟರು. ಡಬ್ಬಿ ತೆರೆದವಳು ಹಾಗೇ ನಿಂತುಬಿಟ್ಟೆ. ಸಿ.ಡಿ.ಯ ಹೊಳೆಯುವ ಮೈಮೇಲೆ, ನಡುವಿನ ತೂತಿನ ಮೇಲಕ್ಕೆ ಗಂಧ ಬಳಿದು, ಅದರ ಮೇಲೆ ರೂಪಾಯಿಯಗಲ ಕುಂಕುಮ ಇಟ್ಟಿತ್ತು. ಗಂಧ ಒಣಗಿ ಬಿರುಕು ಬಿಟ್ಟಿತ್ತು. ಹೆಸರು ಬರೆದ ಕಡೆ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಓದುವ ಕಡೆಗೇ ಇಟ್ಟಿತ್ತು.

"ಯಾರು ಇಟ್ಟಿದ್ದು ಇದನ್ನ?"

"ಯಾರು ಅಂದ್ರೆ? ನಾನು. ಪೂಜೆಗೆ ಎಲ್ಲದನ್ನೂ ಇಟ್ಟಿದ್ದೆ, ಎಲ್ಲದಕ್ಕೂ ಇಟ್ಟೆ."

"ಇದು ಓದೋ ಕಡೆ ಮೇಡಂ!"

"ಹೊಳೆಯೋ ಕಡೆ ಮುಖ ಅಲ್ವೇನೇ? ಬರೆದಿರೋ ಕಡೆ ಬೆನ್ನು. ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರಾ?"

ನೀರಲ್ಲಿ ನೆನೆಸಿದೆ, ಹತ್ತಿಯಲ್ಲಿ ಒರೆಸಿದೆ. ಒಣಗಿದ ಗಂಧದ ಹರಳು ಗೀರಿದ್ದು ಗೀರಿದ್ದೇ. ಡ್ರೈವಿಗೆ ಹಾಕಿದರೆ ಕರಕರ ಸದ್ದು. ವಿಂಡೋಸಿನ ಕಟ್ಟು ಹೇಗೋ ಏದುಸಿರು ಬಿಡುತ್ತಾ ಬಂತು. ಲಿನಕ್ಸಿನದು ಬರಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರಿಗೆ ಕೂಗಾಡಿದೆ. "ನಿಮಗೆ ಗೊತ್ತಿಲ್ದೆ ಇರೋದನ್ನ ಯಾಕೆ ಮುಟ್ತೀರಿ?" ಅಂದುಬಿಟ್ಟೆ.

ಮೇಡಂ ಮುಖ ಕೆಂಪಾಯಿತು. "ದೇವರ ಕುಂಕುಮದಿಂದ ಹಾಳಾಯ್ತು ಅಂತೀಯಾ? ನೀನೇ ಒರೆಸೋಕೆ ಹೋಗಿ ಗೀರ್‍ಕೊಂಡು ನನ್ನ ಮೇಲೆ ಹಾಕ್ತೀಯಾ? ಪರೀಕ್ಷೆಲಿ ಎರಡೂ ತೋರಿಸ್ಲಿಲ್ಲ ಅಂದ್ರೆ ನಾನು ಸೈನ್ ಹಾಕಲ್ಲ. ಹೋಗು," ಅಂದರು. ಗೊಂಚಲು ಝಣ್ ಅಂತು.

ಮಾರನೆಯ ದಿನ ಕಾಲೇಜಿಗೇ ಹೋಗದೆ ಸೈಬರ್ ಸೆಂಟರಿನಲ್ಲಿ ಕೂತೆ. ಹಿಂದಿನ ರಾತ್ರಿಯ ಮಳೆಗೆ ಬಸ್‌ಸ್ಟ್ಯಾಂಡಿನ ಕಡೆಯ ಫೋನುಗಳೆಲ್ಲ ಸತ್ತಿದ್ದವು. ಸಂಜೆಯವರೆಗೆ ಕಾದು, ಬರಿಗೈಯಲ್ಲಿ ಕಳಲೆಯ ಬಸ್ಸು ಹತ್ತಿದೆ. ಕೆಲಸ ಹೋಯಿತು ಅಂತಲೇ ಲೆಕ್ಕ ಹಾಕಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಬೇಗ ಹೋಗಿ ವಿಂಡೋಸಿನದನ್ನು ಕಟ್ಟಲು ಕೂತೆ. ಕಟ್ಟಿಯೂ ಆಯಿತು. ಆಗ ಮೇಡಂ ಬಂದು ಮೇಜಿನ ಮೇಲೆ ಒಂದಷ್ಟು ಫ್ಲಾಪಿಗಳನ್ನು ದಡ್ ಎಂದು ಹಾಕಿದರು. "ತಗೋ. ಕಟ್ಟು. ಬಾಯಿ ಮುಚ್ಕೊಂಡು ಕಟ್ಟು," ಅಂದು ಹೋದರು. ಅಟೆಂಡರ್ ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ನೆನ್ನೆ ಸಾಯಂಕಾಲದ್ ಗಂಟ ಪ್ರಿನ್ಸಿಪಾಲ್ರ ರೂಮ್ನಲ್ಲೇ ಕುಂತಿದ್ರು ಕಣವ್ವ. ನೆಟ್ ಆಕ್ಕಂಡು. ಯಾರ್ಗೂವೆ ಪೋನ್ ಮುಟ್ಟಕ್ ಬುಡ್ನಿಲ್ಲ."

ಆಸೆಯಿಂದ ಫ್ಲಾಪಿ ಹಾಕಿದೆ. ನಗಬೇಕೋ ಅಳಬೇಕೋ! ಒಳಗಿದ್ದದ್ದು ವಿಂಡೋಸಿನದು, ಅದೂ ಸಿದ್ಧಮಾಡಿದ್ದು. ತಮ್ಮ ಮಡಿಯನ್ನು ತಾವೇ ಮುರಿದು, ಒಂದೇ ಬೆರಳಲ್ಲಿ ದಿನವಿಡೀ ಕೂತು, ಬೇಡದ್ದನ್ನು ಇಳಿಸಿದ್ದರು. ನನಗೆ ಕನಿಕರ ಬರಲಿಲ್ಲ. ಇಷ್ಟೂ ಗೊತ್ತಿಲ್ಲದವರ ಕೈಗೆ ನನ್ನನ್ನು ಸಿಕ್ಕಿಸಿದ ಹಣೆಬರಹಕ್ಕೆ ಬೈದುಕೊಂಡೆ.

ಪರೀಕ್ಷಕರು ವಯಸ್ಸಾದವರು, ಮೆದು ಮಾತಿನವರು. ವಿಂಡೋಸಿನಲ್ಲಿ ಓಡಿದ್ದನ್ನು ನೋಡಿ ತಲೆದೂಗಿದರು. "ಎರಡರಲ್ಲೂ ಅಂತ ರಿಪೋರ್ಟಲ್ಲಿ ಬರೆದಿದೀಯಲ್ಲಮ್ಮ. ಲಿನಕ್ಸಲ್ಲಿ ತೋರಿಸು."

ಸಿ.ಡಿ.ಯ ಕಥೆ ಹೇಳಿದರೆ ನಂಬುವವರು ಯಾರು? ಮೇಡಂ ಬಾಗಿಲ ಹತ್ತಿರ ನಿಂತಿದ್ದರು. ಇಡೀ ತರಗತಿ ಅಲ್ಲೇ ಇತ್ತು. ಈಗ ಅವರು 'ಇವಳು ಕಟ್ಟೇ ಇಲ್ಲ ಸರ್' ಅಂದರೆ ಮುಗಿಯಿತು. ಅನ್ನುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಝಣ್ ಅಂತು. ಮುಂದಕ್ಕೆ ಬಂದರು.

"ಕಟ್ಟಿದ್ಲು ಸರ್. ಲಿನಕ್ಸಲ್ಲೂ ಕಟ್ಟಿದ್ಲು. ಹಬ್ಬಕ್ಕೆ ಅಂತ ನಾನೇ ಅಳಿಸ್ದೆ. ಸಿ.ಡಿ.ಗೆ ಹೊಳೆಯೋ ಕಡೆ ಗಂಧ ಕುಂಕುಮ ಇಟ್ಟೋಳೂ ನಾನೇ. ಅದು ಓದೋ ಕಡೆ ಅಂತ ನನಗೆ ಗೊತ್ತಿರ್ಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಲ್ಯಾಬಿಗೆಲ್ಲ ಹರಡಿತು. ಪರೀಕ್ಷಕರೂ ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ನೀವೇನಾ?" ಅಂದರು. ಮೇಡಂ ಹೂಂ ಅಂದರು. ಸೊಂಟದ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

ಪರೀಕ್ಷಕರು ನನ್ನ ಕಡೆ ತಿರುಗಿ, "ಸರಿ, ಹೇಗೆ ಕಟ್ಟಿದೆ, ಬಾಯಲ್ಲೇ ಹೇಳು," ಅಂದರು. ನಾನು ಮೊದಲಿಂದ ಕೊನೆವರೆಗೆ ಹೇಳಿದೆ. ಸತ್ತ ಬ್ಯಾಟರಿಯ ವಿಷಯ ಬಂದಾಗ ಅವರು ಕೂತಲ್ಲೇ ನೆಟ್ಟಗಾದರು. "ಇದನ್ನ ಮಾಡ್ದೆ ಇರೋರು ಹೇಳೋಕಾಗಲ್ಲ," ಅಂದರು. ಪಾಸಾದೆ. ಮೇಡಂ ಸೈನ್ ಹಾಕಿದರು. ದೀಪಾವಳಿಗೆ ನಂಜನಗೂಡಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ.

ಪರೀಕ್ಷೆಯ ದಿನ ಸಂಜೆ ಮೇಡಂ ಮೆಟ್ಟಿಲ ಹತ್ತಿರ ಸಿಕ್ಕಿದ್ದರು. ಏನಾದರೂ ಹೇಳಬೇಕು ಎಂದು ನಾನು ನಿಂತೆ.

"ನಿನ್ನ ದೆಸೆಯಿಂದ ಹೊರಗಿನೋರ ಮುಂದೆ ನಗೆಪಾಟಲಾದೆ. ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ," ಅಂದರು.

"ನನಗೇನು ನಿಮ್ಮ ಮುಖ ನೋಡೋ ಆಸೆನಾ?" ಅಂದೆ. ಅದೇ ನಾವಿಬ್ಬರು ಆಡಿದ ಕೊನೆಯ ಮಾತು.

'ಕುಂಕುಮದ ಮೇಡಂ' ಅನ್ನುವ ಹೆಸರು ಅವರಿಗೆ ಅಂಟಿಕೊಂಡಿತು. ಅವರನ್ನು ನೋಡದ ಹುಡುಗರಿಗೂ ಆ ಕಥೆ ಗೊತ್ತಿತ್ತು. ಮುಂದಿನ ವರ್ಷ ಮೈಸೂರಿನಿಂದ ಒಬ್ಬರು ಬಂದರು, ಲ್ಯಾಬು ಅವರ ಪಾಲಾಯಿತು. ಮೇಡಂ ಮತ್ತೆ ಗಣಿತಕ್ಕೆ ಹೋದರಂತೆ. ಬಸ್ಸಿನಲ್ಲಿ ಒಂದೆರಡು ಸಲ ಕಂಡಿದ್ದೆ. ಸೊಂಟದಲ್ಲಿ ಗೊಂಚಲಿರಲಿಲ್ಲ, ಸೀರೆಯಲ್ಲಿ ಹಳೆಯ ಕಲೆ ಇತ್ತು. ಅವರು ಕಿಟಕಿಯ ಕಡೆ ತಿರುಗಿಕೊಂಡರು. ನಾನೂ ತಿರುಗಿಕೊಂಡೆ. ಎದ್ದು ಹೋಗಿ ಒಂದು ಮಾತು ಆಡಬಹುದಿತ್ತು ಅಂತ ಯಾರಾದರೂ ಅಂದರೆ, ಆ ದಸರಾದಲ್ಲಿ ನಾನು ಅತ್ತದ್ದನ್ನು ಹಾಗನ್ನುವವರು ನೋಡಿಲ್ಲ ಎನ್ನುತ್ತೇನೆ. ಶಾಲೆಯಲ್ಲಿ ನನ್ನ ಲ್ಯಾಬಿನ ಆಯುಧಪೂಜೆಗೆ ಸಿ.ಡಿ.ಗಳನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ನಾನೇ ಒಂದೊಂದನ್ನೂ ಮಗುಚಿ ಬೆನ್ನಿಗೆ ಬೊಟ್ಟು ಇಡುತ್ತಿದ್ದೆ, ಪ್ರತಿ ಬೊಟ್ಟಿಗೂ ಅವರನ್ನು ನೆನೆಸಿಕೊಂಡು ಬೈಯುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಶಾಲೆಯಲ್ಲಿದ್ದಾಗ ಬಂತು. ಹೋಗುವುದಿಲ್ಲ ಅಂದುಕೊಂಡೆ. ಮಧ್ಯಾಹ್ನದ ಬಸ್ಸಿಗೆ ಹೊರಟೆ. ತಿ. ನರಸೀಪುರದ ಅವರ ಮನೆಯ ಜಗಲಿಯಲ್ಲಿ ಜನ ಕೂತಿದ್ದರು. ಆಗಲೇ ಎತ್ತಿಕೊಂಡು ಹೋಗಿದ್ದರು. ಅವರ ಮಗಳು, ನನಗಿಂತ ಚಿಕ್ಕವಳು, ಹೊರಗೆ ಬಂದು ಯಾರು ಅಂತ ಕೇಳಿದಳು. ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ಕಂಪೈಲರ್ ಕಟ್ಟಿದೋರು ನೀವೇನಾ? ಬಾಯಿ?"

"ಹೌದು."

"ಅಮ್ಮ ಪ್ರತಿ ಆಯುಧಪೂಜೆಗೂ ನಿಮ್ಮನ್ನ ಬೈತಾ ಇದ್ರು. ಕುಂಕುಮದ ಬಟ್ಟಲು ಕೈಗೆ ತಗೊಂಡ ಕೂಡಲೇ ಶುರು. ಅವಳ ದೆಸೆಯಿಂದ ನನ್ನ ಬೀಗದ ಕೈ ಹೋಯ್ತು, ಅವಳ ದೆಸೆಯಿಂದ ನಗೆಪಾಟಲಾದೆ ಅಂತ. ನನಗೂ ಕೇಳಿ ಕೇಳಿ ಸಾಕಾಗಿ ಒಂದ್ಸಲ ಅಂದೆ, ಹಂಗಾದ್ರೆ ಅವತ್ತು ಸುಮ್ನೆ ಇರಬೇಕಿತ್ತಮ್ಮ, ಅವಳು ಕಟ್ಟಿರ್ಲಿಲ್ಲ ಅಂದ್ಬಿಟ್ಟಿದ್ರೆ ಆಗ್ತಿತ್ತು ಅಂತ. ಅದಕ್ಕೆ ನನ್ನನ್ನೂ ಬೈದ್ರು."

"ಏನಂತ?"

"ಹೆಂಗೇ ಅನ್ಲಿ? ಅವಳು ಎರಡರಲ್ಲೂ ಕಟ್ಟಿದ್ದನ್ನ ಬೆನ್ನ ಹಿಂದೆ ಕೂತು ಕಣ್ಣಾರೆ ನೋಡಿದೀನಲ್ಲ, ಅಂತ."

ಜಗಲಿಯ ಮೇಲೆ ಕೂತೆ. ಅವಳು ನೀರು ತಂದುಕೊಟ್ಟಳು.

"ನಾನೂ ಅಷ್ಟೆ ಕಣಮ್ಮ," ಅಂದೆ. "ಇಷ್ಟು ವರ್ಷವೂ ಬೈತಾನೇ ಇದ್ದೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಮುಂದಿನ ಆಯುಧಪೂಜೆಗೆ ನಾನೊಬ್ಬಳೇ ಬೈಯಬೇಕಲ್ಲ ಎಂದು ಆ ಹೆಂಗಸಿನ ಮೇಲೆ ಮತ್ತೆ ಸಿಟ್ಟು ಬಂತು. ಲೋಟ ಕೆಳಗಿಟ್ಟು ಜೋರಾಗಿ ಅತ್ತುಬಿಟ್ಟೆ.